ಬೀಗದ ಕೈ ಯಾರಲ್ಲಿದೆ?

2025ನೆಯ ಇಸವಿಯ ಜುಲೈ ತಿಂಗಳಲ್ಲಿ, ಗುಜರಾತಿನ ವಾಡಿನಾರದಲ್ಲಿ ತೈಲ ಶುದ್ಧೀಕರಣದ ಕಾರಖಾನೆಯನ್ನು ನಡೆಸುವ ನಯಾರಾ ಕಂಪನಿಯ ಇ-ಮೇಲ್ ವ್ಯವಹಾರವು ಒಮ್ಮೆಲೇ ಸ್ತಬ್ಧವಾಯಿತು. ಯುರೋಪಿಯನ್ ಒಕ್ಕೂಟವು ಆ ಕಂಪನಿಯ ಮೇಲೆ ನಿರ್ಬಂಧ ವಿಧಿಸಿದ ಬೆನ್ನಿಗೇ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಸೇವೆಯನ್ನು ತಡೆಹಿಡಿದಿತ್ತು. ಕಂಪನಿಯು ದಿಲ್ಲಿಯ ಹೈಕೋರ್ಟಿಗೆ ಮೊರೆಹೊಕ್ಕ ತರುವಾಯವೇ ಸೇವೆಯು ಮರಳಿ ದೊರೆಯಿತು. ನಮ್ಮ ದೇಶದ ಯಾವ ಕಾಯಿದೆಯೂ ವಿಧಿಸದ ದಂಡವಿದು!

ಪರರ ಮನೆಯಲ್ಲಿ ದಫ್ತರವನ್ನಿಟ್ಟವರು ಬೀಗದ ಕೈ ಯಾರಲ್ಲಿದೆಯೆಂಬುದನ್ನು ಮರೆಯಲಾಗದು. ಸ್ವಂತ ಮನೆಯು ಅಸಾಧ್ಯವೇನೂ ಅಲ್ಲ. ತಮ್ಮವೇ ಆದ ಲಿನಕ್ಸ್ ಸರ್ವರುಗಳ ಮೇಲೆ ಓಪನ್‌ಸ್ಟ್ಯಾಕ್ ಎಂಬ ತಂತ್ರಾಂಶವನ್ನು ಹೂಡಿ ಸರಕಾರದ ಇಲಾಖೆಗಳೂ ಬ್ಯಾಂಕುಗಳೂ ಖಾಸಗಿ ಕ್ಲೌಡನ್ನು ಕಟ್ಟಿಕೊಳ್ಳಬಹುದು. ಇವೆರಡನ್ನೂ ಶುಲ್ಕವಿಲ್ಲದೆ ಪಡೆಯಬಹುದು. ಇವುಗಳ ಒಳಗುಟ್ಟೂ ಬಹಿರಂಗವಾದುದೇ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯವು 2013ರಿಂದಲೂ ತನ್ನ ಕ್ಲೌಡನ್ನು ಹೀಗೆಯೇ ನಡೆಸುತ್ತಿದೆ.

ಆದರೆ ಕಟ್ಟಿದ ಮಾತ್ರಕ್ಕೆ ಸ್ವಾವಲಂಬನೆಯು ಸಿದ್ಧಿಸದು. ಕೆಟ್ಟ ಡಿಸ್ಕುಗಳನ್ನು ಬದಲಿಸಲು, ಭದ್ರತೆಯ ತಿದ್ದುಪಡಿಗಳನ್ನು ಕಾಲಕಾಲಕ್ಕೆ ಅಳವಡಿಸಲು, ದಾಖಲೆಗಳ ಪ್ರತಿಗಳನ್ನು ಬೇರೊಂದು ಊರಿನಲ್ಲಿರಿಸಿ ಅವು ಸರಿಯಾಗಿ ತೆರೆಯುವವೋ ಎಂದು ಪರೀಕ್ಷಿಸಲು ನುರಿತ ಸಿಬ್ಬಂದಿಯು ಬೇಕು. ತಂತ್ರಾಂಶದಲ್ಲಿ ಉಳಿದ ಹಣವನ್ನು ಇವರ ವೇತನಕ್ಕೆ ವಿನಿಯೋಗಿಸದೆ ಎಲ್ಲವನ್ನೂ ಗುತ್ತಿಗೆದಾರರಿಗೆ ಒಪ್ಪಿಸಿದರೆ, ಬೀಗದ ಕೈಯು ಮತ್ತೆ ಪರರದೇ. ಯಂತ್ರಗಳಿಗೆ ಹಣವನ್ನು ಮಂಜೂರು ಮಾಡುವ ಅಧಿಕಾರಿಗಳು ಅದೇ ಕಡತದಲ್ಲಿ ಖಾಯಂ ಹುದ್ದೆಗಳನ್ನೂ ಮಂಜೂರು ಮಾಡತಕ್ಕದ್ದೆಂದು ನಾವು ಆಗ್ರಹಪಡಿಸುತ್ತೇವೆ.