ಬೀಗ ತೆಗೆದ ಮೇಲೆ

ದಕ್ಷಿಣ ದೆಹಲಿಯ ಗ್ರೀನ್ ಪಾರ್ಕ್ ಮೆಟ್ರೊ ನಿಲ್ದಾಣದ ಬಳಿಯ ‘ಉಪಹಾರ್’ ಚಿತ್ರಮಂದಿರವನ್ನು ನಮ್ಮ ಓದುಗರಲ್ಲಿ ಅನೇಕರು ಹೊರಗಿನಿಂದಲಾದರೂ ಕಂಡಿರುತ್ತಾರೆ. ಹಿಂದಿಯಲ್ಲಿ ಆ ಶಬ್ದಕ್ಕೆ ಕಾಣಿಕೆ ಎಂದರ್ಥ. ಊರಿನಿಂದ ಹೊಸದಾಗಿ ಬಂದ ಕನ್ನಡಿಗರು ಅದನ್ನು ತಿಂಡಿಯ ಹೋಟೆಲೆಂದು ತಿಳಿಯುವುದೂ, ಹಳಬರು ನಕ್ಕು ತಿದ್ದುವುದೂ ಒಂದು ಕಾಲದಲ್ಲಿ ನಡೆಯುತ್ತಿತ್ತು. 1997ರ ಜೂನ್ 13ರ ನಂತರ ಆ ಹೆಸರನ್ನು ಹಿಡಿದು ಯಾರೂ ನಗಲಿಲ್ಲ.

ಅಂದು ಶುಕ್ರವಾರ. ‘ಬಾರ್ಡರ್’ ಚಿತ್ರದ ಮಧ್ಯಾಹ್ನದ ಪ್ರದರ್ಶನ ನಡೆದಿತ್ತು. ನೆಲಮಟ್ಟದಲ್ಲಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರಿನಲ್ಲಿ ಬೆಳಗ್ಗೆಯೇ ಬೆಂಕಿ ಕಾಣಿಸಿಕೊಂಡು, ಅವಸರದ ದುರಸ್ತಿಯಾಗಿತ್ತು. ಸಂಜೆಯ ಹೊತ್ತಿಗೆ ಅದು ಮತ್ತೆ ಹೊತ್ತಿಕೊಂಡು, ಪಕ್ಕದಲ್ಲಿ ನಿಲ್ಲಿಸಿದ್ದ ಕಾರುಗಳಿಗೆ ಹಬ್ಬಿ, ಹೊಗೆ ಮೆಟ್ಟಿಲುಗಳ ದಾರಿಯಿಂದ ಮೇಲೇರಿ ಬಾಲ್ಕನಿಯನ್ನು ತುಂಬಿತು. ಅಲ್ಲಿ ಹೆಚ್ಚುವರಿ ಆಸನಗಳನ್ನು ಹಾಕಿ ನಡೆಯುವ ದಾರಿಯನ್ನು ಕಿರಿದು ಮಾಡಲಾಗಿತ್ತು. ಬಲಬದಿಯ ನಿರ್ಗಮನವನ್ನು ಎಂಟು ಆಸನಗಳ ಖಾಸಗಿ ಬಾಕ್ಸೊಂದು ಮುಚ್ಚಿತ್ತು. 59 ಮಂದಿ ಉಸಿರುಗಟ್ಟಿ ಸತ್ತರು. 103 ಮಂದಿ ಗಾಯಗೊಂಡರು. ಅವರನ್ನು ಕೊಂದದ್ದು ಬೆಂಕಿಗಿಂತ ಹೆಚ್ಚಾಗಿ ಮುಚ್ಚಿದ ದಾರಿ.

ಮುಂದಿನ 26 ವರ್ಷ ಆ ಕಟ್ಟಡ ಬೀಗಮುದ್ರೆಯಲ್ಲೇ ಉಳಿಯಿತು. ಅದು ಸ್ಮಾರಕವೆಂದಲ್ಲ, ಮೊಕದ್ದಮೆಯ ಸಾಕ್ಷ್ಯವೆಂದು. ಇನ್ನು ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲವೆಂದು 2023ರ ಆಗಸ್ಟಿನಲ್ಲಿ ದೆಹಲಿಯ ನ್ಯಾಯಾಲಯವೊಂದು ಮುದ್ರೆ ತೆಗೆಯಲು ಆದೇಶಿಸಿತು. ಗ್ರೀನ್ ಪಾರ್ಕಿನಂಥ ಬಡಾವಣೆಯಲ್ಲಿ, ಮೆಟ್ರೊ ಬಾಗಿಲಿನಲ್ಲೇ ಇರುವ ನಿವೇಶನದ ಬೆಲೆಯನ್ನು ಇಲ್ಲಿನ ಬಾಡಿಗೆ ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಇನ್ನೇನು ಏಳಬೇಕು, ಏಳಬಾರದು ಎಂಬ ಪ್ರಶ್ನೆಯನ್ನು ಮಾಲೀಕರಿಗೂ ಸತ್ತವರ ತಂದೆತಾಯಿಯರಿಗೂ ಬಿಟ್ಟು ನಾವು ಸುಮ್ಮನಿರಬಹುದೇ?

ಸಾವು ಸಂಭವಿಸಿದ ನೆಲದಲ್ಲಿ ಮತ್ತೆ ವ್ಯಾಪಾರ ನಡೆಯಕೂಡದೆಂಬ ವಾದ ಭಾವುಕವಾಗಿ ಬಲವಾದದ್ದು. ಆದರೂ ನಾವು ಅದನ್ನು ಒಪ್ಪಲಾರೆವು. ನಗರವೆಂಬುದು ಬದುಕಿರುವವರದು, ಪಾಳುಬಿದ್ದ ಗೋಡೆ ಯಾವ ಮೃತನಿಗೂ ಗೌರವವಲ್ಲ. ನ್ಯೂಯಾರ್ಕಿನ ಉದಾಹರಣೆ ಇಲ್ಲಿ ಉಪಯುಕ್ತ. ಅವಳಿ ಗೋಪುರಗಳು ಕುಸಿದ ಹದಿನಾರು ಎಕರೆ ನೆಲವನ್ನು ಖಾಸಗಿ ಉದ್ಯಮಿಯೊಬ್ಬರು 2001ರ ಜುಲೈನಲ್ಲಿ, ಅಂದರೆ ದಾಳಿಗೆ ಕೆಲವೇ ವಾರಗಳ ಹಿಂದೆ, 99 ವರ್ಷಗಳ ಗುತ್ತಿಗೆಗೆ ಪಡೆದಿದ್ದರು. ಕಳೆದುಹೋದ ಸುಮಾರು ಒಂದು ಕೋಟಿ ಚದರ ಅಡಿ ಕಚೇರಿ ಜಾಗವನ್ನು ಮತ್ತೆ ಕಟ್ಟುವ ಹಕ್ಕನ್ನು ಅವರು ಬಿಡಲಿಲ್ಲ. ಗೋಪುರಗಳು ನಿಂತಿದ್ದ ನೆಲವನ್ನು ಮುಟ್ಟಬಾರದೆಂಬ ಹಟವನ್ನು ಮೃತರ ಕುಟುಂಬದವರೂ ಬಿಡಲಿಲ್ಲ. ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ ಅರ್ಧದಷ್ಟು ನೆಲ ಸ್ಮಾರಕಕ್ಕೆ ಸಂದಿತು. ಗೋಪುರಗಳಿದ್ದ ಎರಡು ಚೌಕಗಳಲ್ಲಿ ಕೆಳಕ್ಕೆ ಧುಮುಕುವ ನೀರಿನ ಕೊಳಗಳೂ, ಅವುಗಳ ಅಂಚಿನ ಕಂಚಿನಲ್ಲಿ ಹೆಸರುಗಳೂ ಬಂದವು. ಕಚೇರಿಗಳು ಸುತ್ತಲೂ ಎದ್ದವು. ಸ್ಮಾರಕ ತೆರೆದದ್ದು 2011ರಲ್ಲಿ. 2014ರಲ್ಲಿ ವಸ್ತುಸಂಗ್ರಹಾಲಯ ತೆರೆದಾಗ, ಗುರುತು ಸಿಗದ ಅವಶೇಷಗಳನ್ನಿರಿಸಿದ ಕಟ್ಟಡದಲ್ಲೇ ನೆನಪಿನ ಸಾಮಾನುಗಳ ಅಂಗಡಿ ಇದ್ದುದನ್ನು ಕಂಡು ಅನೇಕ ಕುಟುಂಬಗಳು ನೊಂದವು. ನೋವು ನ್ಯಾಯವಾದದ್ದೇ. ಆದರೂ ಅಲ್ಲಿ ಜಗಳ ಬಹಿರಂಗವಾಗಿ ನಡೆಯಿತು, ನಕ್ಷೆಗಳು ಎಲ್ಲರ ಮುಂದೆ ಬಂದವು ಎಂಬುದನ್ನು ಮರೆಯಲಾಗದು.

ನಮ್ಮಲ್ಲಿ? ಚಿತ್ರಮಂದಿರದ ಎದುರಿಗೆ ‘ಸ್ಮೃತಿ ಉಪವನ’ವೆಂಬ ಪುಟ್ಟ ಉದ್ಯಾನವಿದೆ. ಪ್ರತಿ ಜೂನ್ 13ರಂದು ಅಲ್ಲಿ ಸೇರುವವರು ಕಳೆದುಕೊಂಡವರು ಮಾತ್ರ. ತಮ್ಮ ಇಬ್ಬರು ಮಕ್ಕಳನ್ನೂ ಅಂದು ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ದಂಪತಿಗಳು ಇತರ ಕುಟುಂಬಗಳೊಡನೆ ಸಂಘ ಕಟ್ಟಿ, ಎರಡು ದಶಕಕ್ಕೂ ಮೀರಿ ನ್ಯಾಯಾಲಯದ ಮೆಟ್ಟಿಲು ತುಳಿದರು. ಮಾಲೀಕ ಸಹೋದರರು 60 ಕೋಟಿ ರೂಪಾಯಿ ತೆರಬೇಕು, ಆ ಹಣ ಅಪಘಾತ ಚಿಕಿತ್ಸಾ ಕೇಂದ್ರಕ್ಕೆ ಸಲ್ಲಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ಹತ್ತು ವರ್ಷಗಳ ಬಳಿಕವೂ ಆ ವಿಷಯ ಅದೇ ನ್ಯಾಯಾಲಯದ ಮುಂದಿತ್ತು. ನೆನೆಯುವ ಹೊಣೆಯನ್ನೆಲ್ಲ ನೊಂದವರ ಹೆಗಲಿಗೇ ಹೊರಿಸಿದ ವ್ಯವಸ್ಥೆಗೆ, ಈಗ ಕಟ್ಟುವ ಅನುಮತಿ ನೀಡುವುದು ಸುಲಭ. ಟ್ರಾನ್ಸ್‌ಫಾರ್ಮರ್ ಸರಕಾರದ್ದು, ಪರವಾನಗಿ ಸರಕಾರದ್ದು, ತಪಾಸಣೆಯೂ ಸರಕಾರದ್ದು. ಹೀಗಿರುವಾಗ ಸ್ಮರಣೆ ಮಾತ್ರ ಖಾಸಗಿ ಏಕಾಗಬೇಕು?

ನಮ್ಮ ಬೇಡಿಕೆ ಇಷ್ಟೇ. ಅಲ್ಲಿ ಮಳಿಗೆಯೇ ಬರಲಿ, ಕಚೇರಿಯೇ ಬರಲಿ, ನಕ್ಷೆಗೆ ಅನುಮೋದನೆ ಕೊಡುವ ಮುನ್ನ ಅದನ್ನು ಜನರ ಮುಂದಿಡಬೇಕು. ಕುಟುಂಬಗಳ ಮಾತು ಕೇಳಬೇಕು. ಇಲ್ಲಿ 1997ರಲ್ಲಿ ಏನಾಯಿತು, ಯಾವ ದಾರಿ ಮುಚ್ಚಿತ್ತು ಎಂಬುದನ್ನು ಹೊಸ ಕಟ್ಟಡದ ಮುಂಬಾಗಿಲಲ್ಲೇ, ಬರುವ ಗಿರಾಕಿ ಓದುವಂತೆ ಬರೆಯಿಸಬೇಕು. ಹೂವಿನ ಮಾತಲ್ಲಿ ಬೇಡ. ನ್ಯಾಯಾಲಯದ ತೀರ್ಪಿನಲ್ಲಿರುವ ನೇರ ಮಾತುಗಳಲ್ಲಿ ಸಾಕು. ಇದರಿಂದ ವ್ಯಾಪಾರ ಕೆಡುತ್ತದೆಂದು ಹೇಳುವವರು, ಕೆಡುವುದು ಯಾವುದರಿಂದ ಎಂಬುದನ್ನೂ ಹೇಳಲಿ.

ಇದನ್ನು ಬರೆಯುತ್ತಿರುವ ನಾನು ಕಡತಗಳ ನಡುವೆಯೇ ತಲೆ ನರೆಸಿಕೊಂಡವನು. ‘ಆಕ್ಷೇಪಣೆ ಇಲ್ಲ’ ಎಂಬ ಟಿಪ್ಪಣಿಯ ಕೆಳಗೆ ಸ್ಥಳ ನೋಡದೆ ರುಜು ಹಾಕಿದ್ದೇನೆ. ಕೆಳಗಿನವರು ಹಾಕಿದ್ದಾರೆ, ಮೇಲಿನವರು ಕಾಯುತ್ತಿದ್ದಾರೆ ಎಂಬಷ್ಟೇ ಕಾರಣಕ್ಕೆ. ಆ ಕಟ್ಟಡಗಳಿಗೆ ಏನೂ ಆಗಲಿಲ್ಲ. ಅದು ಅದೃಷ್ಟ, ಅರ್ಹತೆಯಲ್ಲ.

ಇದು ದೆಹಲಿಯವರ ರೋಗವೆಂದು ನಾವು ದೂರ ಸರಿಯುವಂತೆಯೂ ಇಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡರು. ಅವರಲ್ಲಿ ಬಹುಪಾಲು ಮಕ್ಕಳು. ಆಗ ಊರಿನಲ್ಲಿದ್ದ ನಮ್ಮ ಸದಸ್ಯರಲ್ಲಿ ಕೆಲವರನ್ನು ಈ ವಾರ ವಿಚಾರಿಸಿದೆ. ಸರ್ಕಸ್ಸಿನ ಹೆಸರು ನೆನಪಿದ್ದವರು ಇಬ್ಬರು. ಡೇರೆ ನಿಂತಿದ್ದ ಸ್ಥಳವನ್ನು ಖಚಿತವಾಗಿ ಹೇಳಿದವರು ಯಾರೂ ಇಲ್ಲ.

ಕೊನೆಗೆ ನಮ್ಮ ಮನೆಯ ವಿಷಯ. ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಸಭಾಂಗಣ ಕಿಕ್ಕಿರಿದಾಗ, ಎರಡೂ ಬದಿಯ ನಡುದಾರಿಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿಸಲಾಯಿತು. ಪಕ್ಕದ ಬಾಗಿಲ ಮುಂದೆ ಊಟದ ಪಾತ್ರೆಗಳಿದ್ದವು. ಯಾರೂ ಆಕ್ಷೇಪಿಸಲಿಲ್ಲ, ಆ ಕುರ್ಚಿಗಳಲ್ಲೊಂದರಲ್ಲಿ ನಾನೂ ಕುಳಿತು ಯಕ್ಷಗಾನ ನೋಡಿದೆ. ಈ ಕುರಿತು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇನೆ. ಯುಗಾದಿಯ ಕಾರ್ಯಕ್ರಮದಿಂದ ನಡುದಾರಿಯಲ್ಲಿ ಕುರ್ಚಿ ಇರುವುದಿಲ್ಲ, ಪಕ್ಕದ ಬಾಗಿಲಿಗೆ ಬೀಗವೂ ಇರುವುದಿಲ್ಲ. ತಡವಾಗಿ ಬರುವ ಹಿರಿಯ ಸದಸ್ಯರು ಹೊರಗೆ ನಿಲ್ಲಬೇಕಾದೀತು. ದಯವಿಟ್ಟು ಸ್ವಯಂಸೇವಕ ಹುಡುಗರ ಮೇಲೆ ಸಿಟ್ಟಾಗಬೇಡಿ, ಬೈಯುವುದಿದ್ದರೆ ನನ್ನನ್ನು ಬೈಯಿರಿ.