ದೂರ ಕಲಿಸಿದ ಪಾಠ

ಕಾರಿನ ಹಿಂದೆ ಚಕ್ರದ ಮನೆಯೊಂದನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ದೇಶ ಸುತ್ತುವ ಕುಟುಂಬಗಳು ಆಸ್ಟ್ರೇಲಿಯಾದಲ್ಲಿ ಬಹಳ. ಕ್ಯಾರವಾನ್ ಎಂಬ ಈ ಮನೆಯಲ್ಲಿ ಮಲಗಲು ಮಂಚ, ಅಡುಗೆಗೆ ಒಲೆ, ನೀರಿನ ತೊಟ್ಟಿ ಎಲ್ಲವೂ ಉಂಟು. ಹೊರಡುವ ಮುನ್ನ ಅಲ್ಲಿನ ತಂದೆತಾಯಿಯರನ್ನು ಕಾಡುವ ಪ್ರಶ್ನೆ ಮಾತ್ರ ಎಲ್ಲ ದೇಶಗಳ ತಂದೆತಾಯಿಯರದೇ: ಮಕ್ಕಳ ಓದಿನ ಗತಿಯೇನು?

ಉತ್ತರಕ್ಕೆ ಕ್ವೀನ್ಸ್‌ಲೆಂಡ್ ರಾಜ್ಯದ ಒಳನಾಡಿನ ಒಂದು ಹಾದಿಯನ್ನು ನೋಡಿದರೆ ಸಾಕು. ಬಾರ್ಕಾಲ್ಡಿನ್, ಲಾಂಗ್‌ರೀಚ್, ವಿಂಟನ್, ಕ್ಲಾನ್‌ಕರಿ ಎಂಬ ಪುಟ್ಟ ಊರುಗಳು ಈ ಹಾದಿಯಲ್ಲಿ ಸಿಗುತ್ತವೆ. ಮೊದಲ ಊರಿನಿಂದ ಕೊನೆಯದಕ್ಕೆ 600 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಒಣಹುಲ್ಲಿನ ಬಯಲು, ಕುರಿ ದನಗಳ ವಿಶಾಲ ಕಾವಲು.

ಬಾರ್ಕಾಲ್ಡಿನ್‌ನಲ್ಲಿ 1891ರಲ್ಲಿ ಕುರಿಯ ಉಣ್ಣೆ ಕತ್ತರಿಸುವ ಕೂಲಿಗಾರರು ಮುಷ್ಕರ ಹೂಡಿದರು. ಮುಖಂಡರು ಜೈಲು ಸೇರಿದರು, ಮುಷ್ಕರ ಸೋತಿತು. ಆದರೆ ಆ ದೇಶದ ಲೇಬರ್ ಪಕ್ಷದ ಹುಟ್ಟಿಗೆ ಕಾರಣವಾದ ಘಟನೆಗಳಲ್ಲಿ ಅದೂ ಒಂದು. ಕೂಲಿಗಾರರು ಸಭೆ ಸೇರುತ್ತಿದ್ದ 'ಜ್ಞಾನವೃಕ್ಷ'ಕ್ಕೆ 2006ರಲ್ಲಿ ಯಾರೋ ವಿಷವಿಕ್ಕಿದರು. ಮರ ಸತ್ತಿತು. ಊರು ಅದರ ಕಾಂಡವನ್ನೇ ಸ್ಮಾರಕವಾಗಿ ಉಳಿಸಿಕೊಂಡಿದೆ.

1919ರಲ್ಲಿ ಫಿಶ್ ಮತ್ತು ಮೆಗಿನಸ್ ಎಂಬಿಬ್ಬರು ಲಾಂಗ್‌ರೀಚ್‌ನಿಂದ ಫೋರ್ಡ್ ಕಾರಿನಲ್ಲಿ ಉತ್ತರಕ್ಕೆ ಹೊರಟರು. ವಿಮಾನ ಇಳಿಯಲು ತಕ್ಕ ಜಾಗಗಳನ್ನು ಗುರುತಿಸುವುದು ಅವರ ಕೆಲಸ. ರಸ್ತೆಯೇ ಇಲ್ಲದ ನಾಡಿನಲ್ಲಿ ಕ್ಯಾಥರಿನ್ ಎಂಬ ಊರು ಮುಟ್ಟಲು 51 ದಿನ ಹಿಡಿಯಿತು. ಇಂಥ ನಾಡಿಗೆ ವಿಮಾನವೇ ಸರಿ ಎಂಬುದು ಅವರಿಗೆ ಮನದಟ್ಟಾಯಿತು. ಮರುವರ್ಷವೇ ಕ್ವಾಂಟಾಸ್ ಕಂಪನಿ ಹುಟ್ಟಿತು. ಅದರ ಮೊದಲ ಆಡಳಿತ ಮಂಡಳಿ ಸಭೆ ನಡೆದದ್ದು 1921ರಲ್ಲಿ, ಪುಟ್ಟ ವಿಂಟನ್‌ನಲ್ಲಿ!

ವಿಮಾನ ಬಂದ ಮೇಲೆ ವೈದ್ಯರೂ ಬಂದರು. ಜಾನ್ ಫ್ಲಿನ್ ಎಂಬ ಪಾದ್ರಿಯ ಯತ್ನದಿಂದ 1928ರ ಮೇ 17ರಂದು ಕ್ಲಾನ್‌ಕರಿಯಿಂದ ಮೊದಲ 'ಹಾರುವ ವೈದ್ಯ' ಹೊರಟರು. ಆದರೆ ಅವರನ್ನು ಕರೆಯುವುದು ಹೇಗೆ? ತಂತಿಯಿಲ್ಲ, ವಿದ್ಯುತ್ತಿಲ್ಲ. ಟ್ರೇಗರ್ ಎಂಬ ತಂತ್ರಜ್ಞ ಕಾಲಿನಿಂದ ತುಳಿದು ವಿದ್ಯುತ್ ಪಡೆಯುವ ರೇಡಿಯೋ ತಯಾರಿಸಿದರು. ಅದೇ ವೈದ್ಯಸೇವೆಯ ರೇಡಿಯೋ ಜಾಲವನ್ನು ಬಳಸಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 'ಆಕಾಶಶಾಲೆ' ಆರಂಭವಾಯಿತು. ನೂರಾರು ಮೈಲಿ ದೂರದ ಮಕ್ಕಳು ಮನೆಯಲ್ಲೇ ಕುಳಿತು ಗುರುಗಳಿಗೆ ಉತ್ತರ ಹೇಳತೊಡಗಿದರು.

ಕ್ಯಾರವಾನ್ ಕುಟುಂಬಗಳ ಪ್ರಶ್ನೆಗೂ ಉತ್ತರ ಇಲ್ಲಿದೆ. ಹೀಗೆ ಬೆಳೆದ ದೂರಶಿಕ್ಷಣ ಇಂದು ಇಂಟರ್ನೆಟ್ ಮೂಲಕ ನಡೆಯುತ್ತಿದ್ದು, ಪ್ರವಾಸದಲ್ಲಿರುವ ಮಕ್ಕಳೂ ಅದಕ್ಕೆ ಸೇರಬಹುದು. ಬೆಳಿಗ್ಗೆ ಪಾಠ, ಆಮೇಲೆ ಪ್ರಯಾಣ. ಕಾಂಗರೂಗಳು ರಸ್ತೆಗೆ ನುಗ್ಗುವುದರಿಂದ ಮುಸ್ಸಂಜೆಯ ಮೊದಲೇ ಬಿಡಾರ ಹೂಡಬೇಕು. ನೀರು ಹೆಚ್ಚಿಗೇ ಇರಬೇಕು. ವಾಹನ ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬಾರದು. ಇವೂ ಪಾಠಗಳೇ.

ಕಹಿಯಾದ ಪಾಠವೂ ಒಂದಿದೆ. ಕ್ಲಾನ್‌ಕರಿಯ ಪಶ್ಚಿಮಕ್ಕಿರುವ ನೆಲ ಕಲ್ಕಡೂನ್ ಮೂಲನಿವಾಸಿಗಳದು. ಅದನ್ನು ಉಳಿಸಿಕೊಳ್ಳಲು ಹೋರಾಡಿದ ಅವರಲ್ಲಿ ಅನೇಕರು 1884ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಊರುಗಳು ಎದ್ದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಇದನ್ನು ಬಿಡುವಂತಿಲ್ಲ.

ಚಿಕ್ಕ ಊರು ಎಂದರೆ ಹಿಂದುಳಿದ ಊರು ಎಂದುಕೊಳ್ಳುವವರೇ ಹೆಚ್ಚು. ಆದರೆ ವಿಮಾನ, ವೈದ್ಯ, ರೇಡಿಯೋ, ಶಾಲೆ ಒಂದರ ಹಿಂದೊಂದು ಬಂದದ್ದು ಇಂಥ ಊರುಗಳಿಗೆ ಅವು ಬೇಕಾಗಿದ್ದರಿಂದ. 'ಇಲ್ಲಿ ಏನೂ ಇಲ್ಲ' ಎಂದು ಕೈಕಟ್ಟಿ ಕೂರದೆ, ಇಲ್ಲದ್ದನ್ನು ಮಾಡಿಕೊಂಡವರ ಕಥೆ ಇದು. ಹಳ್ಳಿಯ ಶಾಲೆಯಲ್ಲಿ ಓದುವ ಮಕ್ಕಳು ಭೂಪಟದಲ್ಲಿ ಕ್ಲಾನ್‌ಕರಿಯನ್ನೊಮ್ಮೆ ಹುಡುಕಲಿ.