ಹೆಗಲಿನ ಹೊರೆ

ಈಗಿನ ಹೆಗಲುಗಳು ನೋಯುವುದು ಮೂಟೆ ಹೊತ್ತಲ್ಲ, ತಮ್ಮದೇ ತಲೆಯನ್ನು ಹೊತ್ತು. ಗುಮಾಸ್ತರು ಕಂಪ್ಯೂಟರಿನ ಮುಂದೆ, ಮಕ್ಕಳು ಮೊಬೈಲಿನ ಮೇಲೆ, ನನ್ನಂಥ ಅಧ್ಯಾಪಕರು ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ಕತ್ತು ಬಾಗಿಸಿ ಕುಳಿತರೆ ಏಳುವುದು ಊಟದ ಕರೆ ಬಂದಾಗಲೇ. ಮನುಷ್ಯನ ತಲೆ ಸುಮಾರು 5 ಕಿಲೋ ತೂಗುತ್ತದೆ. ಅದು ಮುಂದಕ್ಕೆ ಬಾಗಿದಷ್ಟೂ ಹಿಡಿದು ನಿಲ್ಲಿಸುವ ಕೆಲಸ ಕತ್ತಿನಿಂದ ನಡುಬೆನ್ನಿನವರೆಗೆ ಹರಡಿದ ಸ್ನಾಯುಗಳ ಪಾಲಿಗೆ ಬೀಳುತ್ತದೆ. ಸಂಜೆಯ ಹೊತ್ತಿಗೆ ಅವು ಹುರಿಗೊಳಿಸಿದ ಹಗ್ಗ.

ಇದಕ್ಕೆ ‘ಯಿನ್’ ಮತ್ತು ‘ಯಾಂಗ್’ ಯೋಗವೆಂಬ ಉಪಾಯವನ್ನು ಈಚೆಗೆ ನಮ್ಮ ಪಟ್ಟಣಗಳಲ್ಲಿಯೂ ಕಲಿಸುತ್ತಿದ್ದಾರೆ. ಮಾತುಗಳು ಚೀನಿಯವು: ಬೆಟ್ಟದ ನೆರಳಿನ ಮಗ್ಗುಲು ಯಿನ್, ಬಿಸಿಲಿನ ಮಗ್ಗುಲು ಯಾಂಗ್. ಆದರೆ ಯಿನ್ ಯೋಗ ರೂಪುಗೊಂಡದ್ದು ಅಮೆರಿಕದಲ್ಲಿ. 1970ರ ದಶಕದ ಕೊನೆಯಲ್ಲಿ ಪಾಲೀ ಜಿಂಕ್ ಎಂಬ ಕಾಳಗದ ಕಲೆಯ ಪಟು ಅದನ್ನು ಕಲಿಸತೊಡಗಿದರು. ಪಾಲ್ ಗ್ರಿಲ್ಲಿ, ಸಾರಾ ಪವರ್ಸ್ ಇವರು ಪ್ರಚಾರಕ್ಕೆ ತಂದರು. ಇನ್ನು ಯಾಂಗ್ ಎಂದು ಅವರು ಎಣಿಸುವ ಚುರುಕಿನ ಅಭ್ಯಾಸಗಳಲ್ಲಿ ಮುಖ್ಯವಾದುದೊಂದು ನಮ್ಮ ಮೈಸೂರಿನದೇ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಪಾಠ ಹೇಳಿದರು; ಅವರ ಶಿಷ್ಯರಾದ ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಕಡಲು ದಾಟಿತು. ನಮ್ಮ ಮನೆಯ ಮಗಳು ಪರದೇಶದ ಹೆಸರಿಟ್ಟುಕೊಂಡು ತವರಿಗೆ ಬಂದ ಹಾಗಾಯಿತು!

ಯಾಂಗ್ ಸ್ನಾಯುಗಳನ್ನು ಬಿಸಿಮಾಡಿ ಬಲಪಡಿಸುತ್ತದೆ. ಯಿನ್ ಅಭ್ಯಾಸದಲ್ಲಿ ಸ್ನಾಯುಗಳನ್ನು ಸಡಿಲಬಿಟ್ಟು, ಒಂದೇ ಭಂಗಿಯಲ್ಲಿ 3ರಿಂದ 5 ನಿಮಿಷ ಸುಮ್ಮನಿರಬೇಕು. ಕೀಲುಗಳ ಸುತ್ತಲಿನ ನಾರಿನಂಥ ಅಂಗಾಂಶಕ್ಕೆ ಮೃದುವಾದ ಎಳೆತ ಸಿಗಬೇಕೆಂಬುದು ಉದ್ದೇಶ.

ಮೊದಲು ಮಾರ್ಜಾಲಾಸನ. ಅಂಗೈ, ಮೊಣಕಾಲುಗಳ ಮೇಲೆ ನಿಂತು, ಉಸಿರೆಳೆಯುತ್ತ ಬೆನ್ನನ್ನು ತಗ್ಗಿಸಿ, ಬಿಡುತ್ತ ಬೆಕ್ಕಿನಂತೆ ಉಬ್ಬಿಸುವುದು. ಹತ್ತು ಬಾರಿ ಸಾಕು. ಅನಂತರ ಅಲ್ಲಿಂದಲೇ ಬಲಗೈಯನ್ನು ಅಂಗೈ ಮೇಲಾಗಿ ಎದೆಯ ಕೆಳಗಿನಿಂದ ಎಡಕ್ಕೆ ತೂರಿಸಿ, ಬಲ ಹೆಗಲನ್ನೂ ಕಿವಿಯನ್ನೂ ನೆಲಕ್ಕೆ ಆನಿಸಿರಿ. ಸೂಜಿಗೆ ದಾರ ಪೋಣಿಸುವುದೆಂದೇ ಇದರ ಹೆಸರು. ತಲೆ ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ದಿಂಬಿರಲಿ. ಮೊದಲ ನಿಮಿಷ ಸುಲಭವಾಗಿಯೇ ಕಳೆಯುತ್ತದೆ. ಎರಡನೆಯದರಲ್ಲಿ ಒಲೆಯ ಮೇಲಿನ ಹಾಲು, ಕಟ್ಟದ ವಿದ್ಯುತ್ ಬಿಲ್ಲು ಎಲ್ಲವೂ ನೆನಪಾಗುತ್ತವೆ. ಮೂರನೆಯದರಲ್ಲಿ, ಹಿಡಿತವನ್ನು ನಿಜವಾಗಿ ಬಿಟ್ಟಿದ್ದರೆ, ಹೆಗಲು ತಾನೇ ಕೊಂಚ ಕೆಳಗಿಳಿಯುತ್ತದೆ. ಎಡಗಡೆಗೂ ಹೀಗೆಯೇ. ಕೊನೆಗೆ ಬಾಲಾಸನ.

ಚುಚ್ಚುವ ನೋವಾಗಲಿ ಜೋಮಾಗಲಿ ಕಂಡೊಡನೆ ಭಂಗಿಯನ್ನು ಬಿಡತಕ್ಕದ್ದು. ನೋವು ತೋಳಿನುದ್ದಕ್ಕೂ ಇಳಿದರೆ, ಕೈ ಮರಗಟ್ಟಿದರೆ, ಹಿಡಿತ ಕುಂದಿದರೆ ವೈದ್ಯರಿಗೆ ತೋರಿಸಬೇಕು. ಅಲ್ಲಿ ಆಸನದ ಮಾತು ಬೇಡ. ದಿನವೆಲ್ಲ ಕುಳಿತೇ ಇರುವವರಿಗೆ ಯಿನ್ ಒಂದೇ ಸಾಲದೆಂದೂ ನನಗೆ ತೋರುತ್ತದೆ: ಸುಮ್ಮನಿರುವುದು ಅವರಿಗೆ ಮೊದಲೇ ಬರುತ್ತದೆಯಷ್ಟೆ!

ನಮ್ಮ ಮನೆಗಳಲ್ಲಿ ಹೆಗಲು ನೋಯುತ್ತದೆಂದು ಮೊದಲು ಹೇಳುವವರು ಯಜಮಾನರು. ಕೊಡ, ಮಗು, ಒದ್ದೆ ಬಟ್ಟೆ ಎಲ್ಲವನ್ನೂ ಎತ್ತುವಾಕೆ ಹೇಳುವುದೇ ಇಲ್ಲ. ಸಂಜೆ ಆಕೆ ಚಾಪೆ ಹಾಸಿದಾಗ ಹತ್ತು ನಿಮಿಷ ಒಲೆಯನ್ನು ನೀವು ನೋಡಿಕೊಳ್ಳಿರಿ. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಮಾತ್ರ ಕೂಗಿ ಕೇಳಬೇಡಿರಿ.